ಬಫೆಗಿಂತ ಮೊದಲು ಬೋಟ್

ಕ್ರೂಸ್ ಹಡಗು ಹತ್ತುವ ದಿನ ಏನೇನು ಮಾಡಬೇಕು ಎಂದು ಹೇಳಿಕೊಡುವವರಿಗೆ ಈಗ ಬರವಿಲ್ಲ. ಕೊಟ್ಟ ಹೊತ್ತಿಗಿಂತ ತುಂಬ ಮುಂಚೆ ಬಂದರಿಗೆ ಹೋಗಬೇಡಿ. ದೊಡ್ಡ ಪೆಟ್ಟಿಗೆಗೆ ಟ್ಯಾಗ್ ಕಟ್ಟಿ ಕೆಳಗೇ ಕೊಟ್ಟುಬಿಡಿ, ಅದು ಕೋಣೆ ತಲುಪುವಾಗ ಸಂಜೆಯಾದೀತು. ಔಷಧಿ, ಪಾಸ್‌ಪೋರ್ಟ್, ಚಾರ್ಜರ್ ಕೈಚೀಲದಲ್ಲಿರಲಿ. ಕೋಣೆ ಸಿಗುವುದು ಮಧ್ಯಾಹ್ನದ ಮೇಲೆ, ಅಲ್ಲಿಯವರೆಗೆ ಬಫೆ ಇದ್ದೇ ಇದೆ. ಎಲ್ಲವೂ ಸರಿಯಾದ ಮಾತೇ. ಕೊನೆಗೊಂದು ಸಲಹೆ ಬರುತ್ತದೆ: ಸುರಕ್ಷತಾ ಡ್ರಿಲ್ ಬೇಗ ಮುಗಿಸಿಕೊಳ್ಳಿ, ಆಮೇಲೆ ರಜೆ ಶುರು. ನನ್ನ ಜಗಳ ಇರುವುದು ಇದರ ಜೊತೆ.

ನಾನೂ ಹಾಗೆ ಮುಗಿಸಿಕೊಂಡವನೇ. ಮಾವನ ನಿವೃತ್ತಿಯ ಖುಷಿಗೆ ಮನೆಮಂದಿಯೆಲ್ಲ ಮುಂಬೈಯಿಂದ ಹಡಗು ಹತ್ತಿದ್ದೆವು. ಲೈಫ್ ಜಾಕೆಟ್ ಕಟ್ಟುವುದನ್ನು ಒಬ್ಬ ಹುಡುಗ ತೋರಿಸುತ್ತಿದ್ದಾಗ ನಾನು ಫೋನಿನಲ್ಲಿ ಮುಳುಗಿದ್ದೆ. ರಾತ್ರಿ ಊಟ ಬಡಿಸಲು ಬಂದವನೂ ಅವನೇ. ಕುಂದಾಪುರದ ಕಡೆಯವನು. ನಮ್ಮ ಕನ್ನಡ ಕೇಳಿ ನಕ್ಕು, "ಮಧ್ಯಾಹ್ನ ನೀವು ಕೇಳಲೇ ಇಲ್ಲ ಅಲ್ವಾ? ನಿಮ್ಮ ಬೋಟ್ ಎಲ್ಲಿ, ಹೇಳಿ ನೋಡುವ" ಅಂದ. ಅಷ್ಟರಲ್ಲಿ ನನಗೆ ಐಸ್‌ಕ್ರೀಮ್ ಸಿಗುವ ಜಾಗ ಗೊತ್ತಿತ್ತು, ಬೋಟಿನ ಜಾಗ ಗೊತ್ತಿರಲಿಲ್ಲ.

2012ರ ಜನವರಿ 13ರಂದು ಇಟಲಿಯ ಚಿವಿಟವೆಕ್ಕಿಯಾ ಬಂದರಿನಲ್ಲಿ ನೂರಾರು ಮಂದಿ ಕೋಸ್ಟಾ ಕಾಂಕಾರ್ಡಿಯಾ ಹತ್ತಿದರು. ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿಸಿದರೆ ಸಾಕು ಎಂಬುದು ಆಗಿನ ನಿಯಮ. ಅವರಿಗೆ ಇನ್ನೂ ಆಗಿರಲಿಲ್ಲ. ಅದೇ ರಾತ್ರಿ ಜಿಲಿಯೊ ದ್ವೀಪದ ಬಂಡೆಗೆ ಹಡಗು ಬಡಿಯಿತು. ಹಡಗು ಬಿಡಿ ಎಂಬ ಆದೇಶ ಬರಲು ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. 32 ಮಂದಿ ಸತ್ತರು. ಪ್ರಯಾಣಿಕರನ್ನು ಬಿಟ್ಟು ಇಳಿದುಹೋದ ಕ್ಯಾಪ್ಟನ್‌ಗೆ 16 ವರ್ಷ ಜೈಲಾಯಿತು. ಕೊನೆಯದಾಗಿ ಸಿಕ್ಕಿದ ದೇಹ ಭಾರತದ ಒಬ್ಬ ವೇಟರ್‌ನದು. ಅದು ಸಿಕ್ಕಿದ್ದು 2014ರ ನವೆಂಬರ್‌ನಲ್ಲಿ, ಹಡಗನ್ನು ಒಡೆಯಲು ಜಿನೋವಾಕ್ಕೆ ಎಳೆದೊಯ್ದ ಮೇಲೆ.

ಈ ದುರಂತದ ನಂತರವೇ ನಿಯಮ ಬದಲಾಯಿತು. 2015ರಿಂದ, ಹೊಸಬರು ಹತ್ತಿದಾಗ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಅಂದರೆ ನಮಗೆ ಬೇಸರ ತರಿಸುವ ಆ ಅರ್ಧ ಗಂಟೆಗೆ ಯಾರೋ ಬೆಲೆ ಕೊಟ್ಟಿದ್ದಾರೆ.

ಕೋವಿಡ್ ನಂತರ ಹಲವು ಕಂಪನಿಗಳು ಸುಲಭದ ದಾರಿ ಮಾಡಿವೆಯಲ್ಲ ಎನ್ನಬಹುದು. ಫೋನಿನಲ್ಲಿ ವಿಡಿಯೊ ನೋಡಿ, ನಿಗದಿತ ಜಾಗಕ್ಕೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ಬಿಸಿಲಿನಲ್ಲಿ ಅಜ್ಜ ಅಜ್ಜಿಯರನ್ನು ಗುಂಪುಗಟ್ಟಿ ನಿಲ್ಲಿಸುವುದಕ್ಕಿಂತ ಇದು ಮೇಲು, ಒಪ್ಪುತ್ತೇನೆ. ಆದರೆ ದನಿ ಮುಚ್ಚಿ ಓಡಿಸಿದ ವಿಡಿಯೊ ಯಾರಿಗೆ ಏನು ಕಲಿಸೀತು? ಕತ್ತಲಲ್ಲಿ, ವಾಲಿದ ನೆಲದ ಮೇಲೆ ನೆನಪಾಗುವುದು ಕಾಲು ಒಮ್ಮೆ ನಡೆದ ದಾರಿ ಮಾತ್ರ.

ನಮ್ಮ ಅಸಡ್ಡೆಗೆ ಸೋಮಾರಿತನವೊಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ನಾವು ಹತ್ತುವ ದಿನವೇ ಬೆಳಿಗ್ಗೆ ಹಿಂದಿನ ಸಾವಿರಾರು ಮಂದಿ ಇಳಿದಿರುತ್ತಾರೆ. ಕೆಲವೇ ಗಂಟೆಗಳಲ್ಲಿ ಅಷ್ಟೂ ಹಾಸಿಗೆ ಬದಲಾಗಬೇಕು. ಹಡಗಿನ ಕೆಲಸಗಾರರನ್ನು ಕಾಪಾಡಲೆಂದೇ ಇರುವ 2006ರ ಅಂತರರಾಷ್ಟ್ರೀಯ ಒಡಂಬಡಿಕೆ ಕೂಡ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಯವರೆಗೆ ದುಡಿಸಲು ಬಿಡುತ್ತದೆ. ಹಾಗೆ ದುಡಿಯುವವನು ಇಡೀ ಪ್ರವಾಸದಲ್ಲಿ ನಮಗೆ "ಎಸ್ ಸರ್" ಅನ್ನುತ್ತಾನೆ. ಡ್ರಿಲ್‌ನಲ್ಲಿ ಮಾತ್ರ ಅವನು ಹೇಳಬೇಕು, ನಾವು ಕೇಳಬೇಕು. ನಮಗೆ ಸಹಿಸಲಾಗದ್ದು ಇದೇ. ದುಡ್ಡು ಕೊಟ್ಟವರು ವೇಟರ್‌ನ ಮಾತು ಕೇಳುವುದೆಂದರೇನು! ಆದರೆ ಹಡಗು ವಾಲಿದ ಗಳಿಗೆಯಲ್ಲಿ ನಮ್ಮ ಕೈ ಹಿಡಿಯಬೇಕಾದವನು ಅವನೇ.

ಹಾಗಾಗಿ ಹತ್ತುವ ದಿನಕ್ಕೆ ನನ್ನದೂ ಒಂದು ಸಲಹೆ. ಕೋಣೆಯ ಕೀಲಿ ಸಿಕ್ಕ ಕೂಡಲೇ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ನಿಮ್ಮ ಮಸ್ಟರ್ ಸ್ಟೇಷನ್‌ವರೆಗೆ ನಡೆದುಹೋಗಿ. ಏಳು ಗಿಡ್ಡ, ಒಂದು ಉದ್ದ: ಆ ಸದ್ದು ಕೇಳಿದರೆ ಸೇರಬೇಕಾದ ಜಾಗ ಅದು. ಅಲ್ಲಿ ನಿಂತಿರುವವನ ಮುಖ ನೋಡಿ, ಅವನು ಹೇಳುವುದನ್ನು ಪೂರ್ತಿ ಕೇಳಿ. ಬಫೆ ಎಲ್ಲಿಗೂ ಹೋಗುವುದಿಲ್ಲ.