ದೊಡ್ಡ ಬಂಡಿ, ಚಿಕ್ಕ ದಾರಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದರು. ದಾರಿ ಇದ್ದಷ್ಟು ಬಂಡಿ ಕೊಳ್ಳಬೇಕೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಅವರ ಕಾಲದಲ್ಲಿ ಇರಲಿಲ್ಲ; ಎತ್ತಿನ ಕಸುವು, ಗಾಡಿಯ ಅಚ್ಚು, ಊರಿನ ದಾರಿ ಈ ಮೂರೂ ಒಂದನ್ನೊಂದು ಅಳೆದುಕೊಂಡೇ ಹುಟ್ಟುತ್ತಿದ್ದುವು. ಆ ಅಳತೆಯನ್ನು ಮರೆತ ಒಬ್ಬ ಮೇಷ್ಟರ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆ ಮೇಷ್ಟರು ನಾನೇ ಆದ್ದರಿಂದ ಮಾತು ತುಸು ಕಟುವಾದರೂ ಬೇರೆ ಯಾರಿಗೂ ನೋವಾಗಲಾರದು.

2023ರ ವಿಜಯದಶಮಿಯ ದಿನ ನಾನು ಒಂದು ಹೊಸ ಡೀಸೆಲ್ ಎಸ್‌ಯುವಿಯನ್ನು ಕೊಂಡೆ. ತೀರ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಮಧ್ಯಮ ಗಾತ್ರದ್ದೆಂದು ವ್ಯಾಪಾರದವರು ಕರೆಯುವ ಬಗೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಮುಂಗಡವಾಗಿ ಕಟ್ಟಿ, ಉಳಿದುದಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೆದೆ. ಜೀವಾವಧಿ ತೆರಿಗೆಯೆಂದು ಬೆಲೆಯ ಶೇಕಡಾ 17ರಷ್ಟನ್ನು ಸರಕಾರಕ್ಕೆ ಸಲ್ಲಿಸಿದೆ. ಜೀವಾವಧಿ ಎಂದರೆ ನನ್ನದಲ್ಲ, ಬಂಡಿಯದು ಎಂದು ಸಾರಿಗೆ ಕಚೇರಿಯ ಬಾಗಿಲಲ್ಲಿ ಯಾರೋ ನಗುತ್ತ ತಿಳಿಸಿದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಮುಂಭಾಗಕ್ಕೆ ಸೇವಂತಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು ಮನೆಗೆ ತಂದೆವು. ಬೀದಿಯವರೆಲ್ಲರೂ ಬಂದು ನೋಡಿದರು. ಬಣ್ಣವನ್ನು ಹೊಗಳಿದರು, ಎತ್ತರವನ್ನು ಹೊಗಳಿದರು. ‘ಇದರಲ್ಲಿ ಎಲ್ಲಿಗೆ ಹೋಗುತ್ತೀರಿ?’ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಕೇಳಿದ್ದರೆ ನನ್ನಲ್ಲಿ ಉತ್ತರ ಸಿದ್ಧವಾಗಿತ್ತು. ನನ್ನ ಹುಟ್ಟೂರು ಕೊಪ್ಪದ ಆಚೆಯ ಒಂದು ಹಳ್ಳಿ. ಮೈಸೂರಿನಿಂದ ಹಾಸನ, ಚಿಕ್ಕಮಗಳೂರು, ಬಾಳೆಹೊನ್ನೂರುಗಳ ಮೇಲೆ ಸುಮಾರು 260 ಕಿಲೋಮೀಟರು. ಅಲ್ಲಿ ತಾಯಿ ಇದ್ದಾರೆ. ತಮ್ಮ ಅಡಕೆ ತೋಟ ನೋಡಿಕೊಂಡಿದ್ದಾನೆ. ದಾರಿಯ ಕೊನೆಯ ಮೂರು ಕಿಲೋಮೀಟರು ಮಣ್ಣಿನದು. ಆಷಾಢದ ಮಳೆಯಲ್ಲಿ ನನ್ನ ಹಳೆಯ ಚಿಕ್ಕ ಕಾರಿನ ಹೊಟ್ಟೆ ಆ ಮಣ್ಣನ್ನು ಉಜ್ಜಿಕೊಂಡು ಹೋಗುತ್ತಿತ್ತು. ಒಮ್ಮೆ ಅದು ಕೆಸರಿನಲ್ಲಿ ಕೂತಾಗ ತೋಟದ ಆಳುಗಳು ಬಂದು ಎತ್ತಿದರು. ಅಂದೇ ನಾನು ನಿಶ್ಚಯಿಸಿದೆ: ನೆಲದಿಂದ ಎತ್ತರವಾಗಿರುವ, ಏರನ್ನು ಲೆಕ್ಕಿಸದ ಬಂಡಿಯೊಂದು ಬೇಕು.

ಇದಕ್ಕೆ ಬಾಲ್ಯದ ಮೋಹವೂ ಸೇರಿತ್ತು. ಮಲೆನಾಡಿನಲ್ಲಿ ಬೆಳೆದವರ ಮನಸ್ಸಿನಲ್ಲಿ ವಾಹನವೆಂದರೆ ಜೀಪು. ಯುದ್ಧಕ್ಕಾಗಿ ಹುಟ್ಟಿದ ಆ ಅಮೆರಿಕದ ಬಂಡಿಯನ್ನು ಮಹೀಂದ್ರದವರು ಮುಂಬಯಿಯಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಕಾಫಿ ತೋಟದ ಏರುಗಳಿಗೂ ಅಡಕೆ ಸೀಮೆಯ ಕೆಸರಿಗೂ ಅದು ಹೇಳಿ ಮಾಡಿಸಿದಂತಿತ್ತು. ನಮ್ಮೂರಲ್ಲಿ ಇದ್ದದ್ದು ಒಂದೇ ಜೀಪು. ಮದುಮಗಳು ಗಂಡನ ಮನೆಗೆ ಹೋದದ್ದು ಅದರಲ್ಲಿ, ಬಸುರಿ ಆಸ್ಪತ್ರೆಗೆ ಹೋದದ್ದು ಅದರಲ್ಲಿ, ಅಡಕೆ ಮೂಟೆ ಮಂಡಿಗೆ ಹೋದದ್ದೂ ಅದರಲ್ಲೇ. ಎಂಟು ಜನ ಕೂರುವ ಕಡೆ ಹದಿನಾರು ಜನ ಕೂರುತ್ತಿದ್ದರು. ಆ ಜೀಪಿನ ಮೊಮ್ಮಗನೊಂದನ್ನು ನಾನು ಕೊಂಡಿದ್ದೇನೆ ಎಂದುಕೊಂಡಾಗ ಎದೆಯುಬ್ಬಿದ್ದು ಸುಳ್ಳಲ್ಲ.

ಡೀಸೆಲ್ ಯಂತ್ರದ ವಿಷಯದಲ್ಲಿಯೂ ನನಗೊಂದು ಗೌರವ. ಅದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ. ಆತನ ಕಾಲದ ಉಗಿಯಂತ್ರಗಳು ಸುಟ್ಟ ಇದ್ದಲಿನ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನೂ ದುಡಿಮೆಯಾಗಿ ಮಾರ್ಪಡಿಸಲು ತಿಣುಕುತ್ತಿದ್ದುವು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಪರೀಕ್ಷೆಗೆ ನಿಂತ ಆತನ ಯಂತ್ರ ಕಾಲುಭಾಗಕ್ಕಿಂತ ಹೆಚ್ಚನ್ನು ದುಡಿದು ತೋರಿಸಿತು. ಅದರ ಯುಕ್ತಿ ಸರಳ: ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕಾಯುತ್ತದೆ, ಕಾದ ಆ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಇಂಥದೊಂದು ಯಂತ್ರ ಕಡಲೆಕಾಯಿ ಎಣ್ಣೆಯಿಂದಲೇ ಓಡಿತು. ಬೃಹತ್ ಕಾರ್ಖಾನೆಗಳ ಎದುರು ಸೋಲುತ್ತಿದ್ದ ಸಣ್ಣ ಕಸುಬುದಾರನ ಕೈಗೆ ಸಣ್ಣದೊಂದು ಶಕ್ತಿಯನ್ನು ಕೊಡಬೇಕೆಂಬುದು ಡೀಸೆಲ್‌ನ ಆಸೆಗಳಲ್ಲೊಂದಾಗಿತ್ತು. 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಆತ ಕಾಣೆಯಾದ. ಕಸುಬುದಾರನಿಗಾಗಿ ಹುಟ್ಟಿದ ಯಂತ್ರವನ್ನು ಮುಂದೆ ಯಾರು ಯಾವುದಕ್ಕಾಗಿ ಕೊಂಡರೆಂಬುದನ್ನು ಆತ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಒಳ್ಳೆಯದೇ ಆಯಿತು.

ಈಗ ತಪ್ಪೊಪ್ಪಿಗೆಯ ಮಾತು. ಅಂಗಡಿಯಲ್ಲಿ ನನ್ನೊಡನೆ ಮಾತನಾಡಿದ ಹುಡುಗ ನನ್ನ ಶಿಷ್ಯರ ವಯಸ್ಸಿನವನು. ವ್ಯಾಪಾರದ ಆತುರದಲ್ಲಿಯೂ ಅವನು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ: ‘ಸರ್, ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ? ಕಡಿಮೆ ಇದ್ರೆ ಪೆಟ್ರೋಲೇ ಸಾಕು.’

‘ಸಾವಿರದ ಐನೂರು ಆಗಬಹುದಪ್ಪ’ ಎಂದೆ.

ಅದು ಹಸಿ ಸುಳ್ಳು. ಊರಿಗೆ ವರ್ಷಕ್ಕೆ ನಾಲ್ಕು ಸಲ ಹೋಗಿ ಬರುವುದು, ಉಳಿದಂತೆ ತರಕಾರಿ ಮಾರುಕಟ್ಟೆ, ಬ್ಯಾಂಕು, ವಾಚನಾಲಯ, ಒಂದೆರಡು ಸಭೆ, ಇಷ್ಟೇ ನನ್ನ ಸಂಚಾರ. ಎಲ್ಲ ಕೂಡಿದರೂ ತಿಂಗಳಿಗೆ ನಾನೂರು ಮುಟ್ಟದು. ಅದನ್ನು ಬಲ್ಲೆನಾಗಿಯೂ ಸುಳ್ಳು ಹೇಳಿದೆ. ಯಾಕೆಂದರೆ ನಿಜ ಹೇಳಿದರೆ ಆತ ನನಗೆ ಚಿಕ್ಕದನ್ನು ತೋರಿಸುತ್ತಿದ್ದ. ಮನುಷ್ಯ ತನ್ನನ್ನು ಮೋಸಗೊಳಿಸುವವರನ್ನು ಹುಡುಕಿಕೊಂಡು ಹೋಗುತ್ತಾನೆ. ಯಾರೂ ಸಿಕ್ಕದಿದ್ದರೆ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಾನೆ.

ಸುಳ್ಳು ಬಯಲಾಗಲು ಐದು ತಿಂಗಳು ಹಿಡಿಯಿತು. ಒಂದು ಬೆಳಗ್ಗೆ ಚಾಲಕನ ಎದುರಿನ ಫಲಕದಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿತು. ಗಾಬರಿಯಿಂದ ವರ್ಕ್‌ಶಾಪಿಗೆ ಒಯ್ದೆ. ಮೆಕ್ಯಾನಿಕ್ಕು ನೋಡಿ ಹೇಳಿದ: ‘ಗಾಡಿಗೆ ಏನೂ ಆಗಿಲ್ಲ ಸರ್. ನೀವು ಓಡಿಸ್ತಾ ಇಲ್ಲ, ಅಷ್ಟೆ.’

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ಎಂಬ ನಿಯಮ ಜಾರಿಗೆ ಬಂದಿದೆಯಷ್ಟೆ. ಡೀಸೆಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷ ಪಾಲಿಗೆ 50 ಇದ್ದುದು 10ಕ್ಕೆ ಇಳಿಯಿತು. ಹೊಗೆಯ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರೊಂದು ಬಂದು ಕೂತಿತು. ವರ್ಕ್‌ಶಾಪಿನವರು ಅದನ್ನು ಡಿ.ಪಿ.ಎಫ್. ಎನ್ನುತ್ತಾರೆ. ಹಿಡಿದ ಮಸಿ ಅಲ್ಲಿಯೇ ಸುಟ್ಟು ಬೂದಿಯಾಗಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಆ ಶಾಖ ಏರಿ ನಿಲ್ಲಬೇಕಾದರೆ ಬಂಡಿ ಹೆದ್ದಾರಿಯಲ್ಲಿ ಒಂದೇ ಸಮನೆ ಹದಿನೈದಿಪ್ಪತ್ತು ನಿಮಿಷ ಓಡಬೇಕು. ಮಾರುಕಟ್ಟೆಗೆ ಹೋಗಿ ಬರುವ ಎರಡು ಕಿಲೋಮೀಟರಿನಲ್ಲಿ ಯಂತ್ರ ಮೈ ಕಾಯಿಸಿಕೊಳ್ಳುವಷ್ಟರಲ್ಲೇ ಮನೆ ಬಂದಿರುತ್ತದೆ. ಮಸಿ ಮಾತ್ರ ಸೇರುತ್ತ ಹೋಗುತ್ತದೆ. ಅಂಗಡಿಯ ಹುಡುಗನಿಗೆ ಹೇಳಿದ ಸುಳ್ಳನ್ನು ಈ ಫಿಲ್ಟರಿಗೆ ಹೇಳುವಂತಿರಲಿಲ್ಲ.

ಅಂದಿನಿಂದ ಒಂದು ವಿಚಿತ್ರ ವ್ರತ ಆರಂಭವಾಯಿತು. ಹದಿನೈದು ದಿನಕ್ಕೊಮ್ಮೆ ಭಾನುವಾರ ಮುಂಜಾನೆ ಎದ್ದು, ಯಾವ ಕೆಲಸವೂ ಇಲ್ಲದೆ, ಮಂಡ್ಯದವರೆಗೆ ಹೋಗಿ ಬರುವುದು. ಸುಮಾರು 90 ಕಿಲೋಮೀಟರು. ಮಸಿಯನ್ನು ಸುಡಲು ಎಣ್ಣೆ, ಎಣ್ಣೆ ಸುಟ್ಟಾಗ ಮತ್ತೆ ಮಸಿ. ಕರ್ಮವು ಕರ್ಮವನ್ನೇ ಹೆರುತ್ತದೆಂಬ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆ. ಅರ್ಥವಾದದ್ದು ಮಂಡ್ಯದ ದಾರಿಯಲ್ಲಿ.

ಪರಿಚಯದವರೊಬ್ಬರು ಸುಲಭದ ಹಾದಿಯೊಂದನ್ನು ಸೂಚಿಸಿದರು: ‘ಆ ಫಿಲ್ಟರನ್ನೇ ತೆಗೆಸಿಬಿಡಿ ಮೇಷ್ಟ್ರೇ, ಪೀಡೆ ಕಳೆಯುತ್ತೆ.’ ಹಾಗೆ ಮಾಡಿಸಿಕೊಂಡವರು ಇದ್ದಾರಂತೆ. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ಆದರೆ ನನ್ನನ್ನು ತಡೆದದ್ದು ಕಾನೂನಲ್ಲ. ಪಕ್ಕದ ಮನೆಯ ಮಗುವಿಗೆ ಉಬ್ಬಸವಿದೆ. ನನ್ನ ಬಂಡಿ ನಿಲ್ಲುವುದು ಅವರ ಕಿಟಕಿಯ ಎದುರಿಗೇ. ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಸಾರಿದೆ. ನಾನು ಪೀಡೆಯೆಂದು ಶಪಿಸುತ್ತಿದ್ದ ಫಿಲ್ಟರು ಹಿಡಿದಿಟ್ಟುಕೊಂಡ ಮಸಿ ಇಲ್ಲವಾದರೆ ಆ ಕಿಟಕಿಯೊಳಕ್ಕೆ ಹೋಗಬೇಕಾದದ್ದು. ಇದು ಹೊಳೆದ ಮೇಲೆ ಹಳದಿ ದೀಪದ ಮೇಲಿನ ಕೋಪ ನನ್ನ ಮೇಲೆಯೇ ತಿರುಗಿತು.

ಹಣದ ಲೆಕ್ಕವನ್ನೂ ಮಾಡೋಣ. ನಾನು ಕೊಂಡ ಬಗೆಯಲ್ಲಿ ಡೀಸೆಲಿನದಕ್ಕೆ ಪೆಟ್ರೋಲಿನದಕ್ಕಿಂತ ಒಂದೂವರೆ ಲಕ್ಷ ರೂಪಾಯಿ ಹೆಚ್ಚು. ಸುಲಭಕ್ಕಾಗಿ ಪೆಟ್ರೋಲು ಲೀಟರಿಗೆ 100 ರೂಪಾಯಿ, ಡೀಸೆಲು 90 ರೂಪಾಯಿ ಎಂದಿಟ್ಟುಕೊಳ್ಳಿ. ಪೆಟ್ರೋಲಿನ ಬಂಡಿ ಲೀಟರಿಗೆ ಹನ್ನೆರಡೂವರೆ ಕಿಲೋಮೀಟರು ಓಡಿದರೆ ಕಿಲೋಮೀಟರಿಗೆ 8 ರೂಪಾಯಿ. ಡೀಸೆಲಿನದು 18 ಓಡಿದರೆ 5 ರೂಪಾಯಿ. ಉಳಿತಾಯ 3 ರೂಪಾಯಿ. ಒಂದೂವರೆ ಲಕ್ಷ ಹಿಂದಕ್ಕೆ ಬರಬೇಕಾದರೆ 50,000 ಕಿಲೋಮೀಟರು ಓಡಬೇಕು. ಮಂಡ್ಯದ ವ್ರತವನ್ನು ಬಿಟ್ಟರೆ ನನ್ನ ಓಡಾಟ ವರ್ಷಕ್ಕೆ ಐದು ಸಾವಿರ. ಅಂದರೆ ಹತ್ತು ವರ್ಷ! ದೆಹಲಿಯ ಸುತ್ತಿನಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಬಂಡಿಗಳು ಓಡಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಮೇಲೆಯೂ ಅಲ್ಲಿ ವಾದವಿವಾದ ನಡೆದಿದೆ. ನಮ್ಮಲ್ಲಿ ಆ ಕಟ್ಟಳೆ ಇಲ್ಲ. ಆದರೂ ಅಲ್ಲಿ ಬಂಡಿಗೆ ಮುಪ್ಪೆಂದು ಗೊತ್ತುಮಾಡಿದ ವಯಸ್ಸಿಗೆ ಇಲ್ಲಿ ನನ್ನ ಲಾಭ ಮೊಳಕೆಯೊಡೆಯಬೇಕು! ಪೆಟ್ರೋಲಿಗೂ ಡೀಸೆಲಿಗೂ ಬೆಲೆಯ ಅಂತರ ಬಹಳವಾಗಿದ್ದ ಕಾಲವೊಂದಿತ್ತು. 2014ರ ಅಕ್ಟೋಬರಿನಲ್ಲಿ ಸರಕಾರ ಡೀಸೆಲ್ ಬೆಲೆಯ ಮೇಲಿನ ಹತೋಟಿಯನ್ನು ಬಿಟ್ಟಿತು. ಕಾಲ ಹೋಯಿತು, ಡೀಸೆಲ್ ಎಂದರೆ ಉಳಿತಾಯವೆಂಬ ನಂಬಿಕೆ ಉಳಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ಬಂಡಿಯ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. 2025ರ ಆಷಾಢದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನಗಳಲ್ಲಿ ನಾನು ಊರಿನಲ್ಲಿದ್ದೆ. ಒಂದು ರಾತ್ರಿ ತಾಯಿ ಬಚ್ಚಲ ಬಳಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಹೊರಗೆ ಮಲೆನಾಡಿನ ಮಳೆ. ಮಣ್ಣಿನ ದಾರಿ ಹಳ್ಳದಂತಾಗಿತ್ತು. ಹಿಂದಿನ ಆಸನವನ್ನು ಮಡಿಸಿ ಹಾಸಿಗೆ ಹಾಸಿ ಅವರನ್ನು ಮಲಗಿಸಿದೆವು. ಯಂತ್ರ ಗಟ್ಟಿಯಾಗಿ ಒದರಲೂ ಇಲ್ಲ. ತಗ್ಗಿದ ದನಿಯಲ್ಲೇ ಕೆಸರನ್ನು ತುಳಿದು ಏರನ್ನು ಹತ್ತಿತು. ತಾಯಿ ಮಲಗಿದಲ್ಲಿಂದಲೇ ‘ನಿಧಾನಕ್ಕೆ ಬಿಡೋ, ಮಳೆ ಇದೆ’ ಎನ್ನುತ್ತಿದ್ದರು. ತೀರ್ಥಹಳ್ಳಿಯ ಮೇಲೆ ಶಿವಮೊಗ್ಗ ಸೇರಿದಾಗ ಬೆಳಗಾಗಿತ್ತು. ಶಸ್ತ್ರಚಿಕಿತ್ಸೆಯಾಯಿತು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ. ಆ ರಾತ್ರಿಯ ಮಟ್ಟಿಗೆ ನಾನು ಕೊಟ್ಟ ಒಂದೊಂದು ರೂಪಾಯಿಯೂ ಸಾರ್ಥಕ.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಹಾಗೆಯೇ ಯೋಚಿಸುತ್ತಿದ್ದೆ. ಆಗ ತಮ್ಮ ಒಂದು ಮಾತು ಹೇಳಿದ: ‘ಅಣ್ಣ, ಪುಣ್ಯಕ್ಕೆ ನೀನು ಊರಲ್ಲಿದ್ದೆ. ಇಲ್ಲದಿದ್ದರೆ ಆ ಹಳೇ ಜೀಪಿನವರನ್ನೇ ಎಬ್ಬಿಸಬೇಕಿತ್ತು.’

ಅವನು ಹೊಗಳಿಕೆಯಾಗಿ ಹೇಳಿದ. ನನಗೆ ಮಾತ್ರ ಅದು ಚುಚ್ಚಿತು. ವರ್ಷದ ಉಳಿದ ಮುನ್ನೂರು ಚಿಲ್ಲರೆ ರಾತ್ರಿಗಳಲ್ಲಿ ತಾಯಿ ಬಿದ್ದಿದ್ದರೆ? ಅವರಿಗಾಗಿಯೇ ಕೊಂಡೆನೆಂದು ಹೇಳಿಕೊಳ್ಳುತ್ತಿದ್ದ ಬಂಡಿ 260 ಕಿಲೋಮೀಟರು ದೂರದಲ್ಲಿ, ಮಗುವೊಂದರ ಕಿಟಕಿಯ ಎದುರು, ಮಸಿ ಕಟ್ಟಿಕೊಂಡು ನಿಂತಿರುತ್ತಿತ್ತು. ಊರಿನ ಹಳೆಯ ಜೀಪು ಯಾರದೆಂಬುದು ಮುಖ್ಯವಾಗಿರಲಿಲ್ಲ, ಎಲ್ಲಿದೆಯೆಂಬುದು ಮುಖ್ಯವಾಗಿತ್ತು. ಕೊಳ್ಳುವಾಗ ನಾನು ಮರೆತದ್ದು ಇದನ್ನೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಇಂಥ ಬಂಡಿ ಕೆಟ್ಟದ್ದಲ್ಲ. ದೂರದ ದಾರಿ, ಏರು, ಭಾರ, ಹಲವರ ಉಪಯೋಗ ಇರುವವರಿಗೆ ಇದಕ್ಕಿಂತ ನಂಬಿಗಸ್ತ ಜೊತೆಗಾರ ವಿರಳ. ಆದರೆ ವರ್ಷದಲ್ಲಿ ಹತ್ತು ದಿನದ ದಾರಿಯನ್ನು ನೆನೆದು, ಉಳಿದ ದಿನಗಳ ಬೀದಿಗೆ ಅದನ್ನು ತಂದು ನಿಲ್ಲಿಸುವುದು ಸಲ್ಲದು. ಆ ಹತ್ತು ದಿನಕ್ಕೆ ಬಾಡಿಗೆಯ ಬಂಡಿ ಇದೆ, ಕೆಂಪು ಬಸ್ಸಿದೆ. ಕೊಳ್ಳುವವರು ಇಳಿಸಂಜೆ ಒಬ್ಬರೇ ಕುಳಿತು ಹಿಂದಿನ ಒಂದು ವರ್ಷದಲ್ಲಿ ತಾವು ನಿಜವಾಗಿ ಎಲ್ಲೆಲ್ಲಿಗೆ ಹೋದೆವೆಂದು ಬರೆಯಲಿ. ಹೋಗಬೇಕೆಂದಿದ್ದ ಊರುಗಳನ್ನು ಆ ಪಟ್ಟಿಯಲ್ಲಿ ಸೇರಿಸದಿರಲಿ. ಆಮೇಲೆ ಅಂಗಡಿಗೆ ಹೋಗಲಿ.

ನನ್ನ ಬಂಡಿ ಈಗ ಮೈಸೂರಿನಲ್ಲಿಲ್ಲ. ಊರಿನಲ್ಲಿ ತಮ್ಮನ ಬಳಿ ಇದೆ. ಕೊಪ್ಪ, ತೀರ್ಥಹಳ್ಳಿ, ಶಿವಮೊಗ್ಗಗಳಿಗೆ ಓಡಾಡುತ್ತದೆ. ಅಕ್ಕಪಕ್ಕದ ಮನೆಯವರೂ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕೇಳುತ್ತಾರಂತೆ. ಹಳದಿ ದೀಪ ಮತ್ತೆ ಹತ್ತಿಲ್ಲವೆಂದು ತಮ್ಮ ಬರೆದಿದ್ದಾನೆ. ನಾನು ಚೀಲ ಹಿಡಿದು ಮಾರುಕಟ್ಟೆಗೆ ನಡೆದೇ ಹೋಗುತ್ತೇನೆ. ಬಂಡಿ ನಿಲ್ಲುತ್ತಿದ್ದ ಜಾಗದಲ್ಲಿ ಸಂಜೆ ಹೊತ್ತು ಪಕ್ಕದ ಮನೆಯ ಮಗು ಗೆಳೆಯರೊಡನೆ ಚೆಂಡಾಡುತ್ತದೆ.

‘ಗಾಡಿ ಮಾರಿಬಿಟ್ಟಿರಾ?’ ಎಂದು ಬೀದಿಯವರು ಕೇಳುತ್ತಾರೆ. ‘ಇಲ್ಲ, ಅದರ ಊರಿಗೆ ಕಳಿಸಿದೆ’ ಎನ್ನುತ್ತೇನೆ. ಬ್ಯಾಂಕಿನ ಕಂತು ಮಾತ್ರ ಇನ್ನೂ ಮೈಸೂರಿನಲ್ಲಿಯೇ ಇದೆ. ಪಾಠ ಹೇಳಿ ಸಂಬಳ ಪಡೆದವನು ಪಾಠ ಕಲಿತದ್ದಕ್ಕೆ ಶುಲ್ಕ ಕಟ್ಟುವುದು ನ್ಯಾಯವೇ ಸರಿ.