ಚೋಮನಿಗೆ ಕೊರೆಯಲು ಗೋಡೆಯೇ ಇರಲಿಲ್ಲ

ಮೊನ್ನೆ ಭಾನುವಾರ ಇಡೀ ದಿನ ಮಳೆ. ಮಗನ ಜೊತೆ ಕೂತು ‘ದಿ ಶಾಷಾಂಕ್ ರಿಡೆಂಪ್ಷನ್’ ನೋಡಿದೆ, ನಾಲ್ಕನೇ ಸಲವೋ ಐದನೇ ಸಲವೋ. ಮುಗಿದ ಮೇಲೆ, ಇದು ಸ್ಟೀಫನ್ ಕಿಂಗ್ ಬರೆದದ್ದು ಅಂದರೆ ಮಗ ನಂಬಲೇ ಇಲ್ಲ. “ಆ ದೆವ್ವದ ಕಥೆಯವನಾ ಅಪ್ಪಾ?” ಅಂತ ಕೇಳಿದ.

ಹೌದು ಮಾರಾಯ, ಅವನೇ. 1982ರಲ್ಲಿ ಬಂದ ‘ಡಿಫರೆಂಟ್ ಸೀಸನ್ಸ್’ ಎಂಬ ಪುಸ್ತಕದಲ್ಲಿ ನಾಲ್ಕು ನೀಳ್ಗತೆಗಳಿವೆ, ಅದರಲ್ಲಿ ಒಂದು ಈ ಜೈಲಿನ ಕಥೆ. 1994ರಲ್ಲಿ ಫ್ರಾಂಕ್ ಡಾರಬಾಂಟ್ ಸಿನಿಮಾ ಮಾಡಿದ. ಥಿಯೇಟರಿನಲ್ಲಿ ಓಡಲಿಲ್ಲ. ಏಳು ಆಸ್ಕರ್ ನಾಮಿನೇಶನ್ ಆಗಿ ಒಂದೂ ಸಿಗಲಿಲ್ಲ. ಆಮೇಲೆ ಟೀವಿಯಲ್ಲಿ ನೋಡಿ ನೋಡಿ ಜನ ಅದನ್ನು ತಲೆಮೇಲೆ ಹೊತ್ತುಕೊಂಡರು.

ಸಣ್ಣ ಪುಸ್ತಕ ದೊಡ್ಡ ಸಿನಿಮಾ ಆದದ್ದು ನಮ್ಮಲ್ಲೂ ಉಂಟು ಅಂತ ಮಗನಿಗೆ ಹೇಳಹೊರಟೆ. ಹೇಳುತ್ತಾ ಹೋದ ಹಾಗೆ ನನಗೇ ಕಸಿವಿಸಿ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾಣಿ ಜಂಕ್ಷನ್ನಿನಲ್ಲಿ ಬಲಕ್ಕೆ ತಿರುಗಿದರೆ ಪುತ್ತೂರು, ಶಿವರಾಮ ಕಾರಂತರು ಎಷ್ಟೋ ವರ್ಷ ಇದ್ದ ಊರು. 1933ರಲ್ಲಿ ಅವರ ‘ಚೋಮನ ದುಡಿ’ ಬಂತು. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದಾದ ಪುಸ್ತಕ. 1975ರಲ್ಲಿ ಅದನ್ನು ಸಿನಿಮಾ ಮಾಡಿದ ಬಿ.ವಿ. ಕಾರಂತರು ಹುಟ್ಟಿದ್ದು ಇಲ್ಲೇ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ. ಚಿತ್ರಕ್ಕೆ ಸ್ವರ್ಣಕಮಲ, ಚೋಮನಾದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ. ಇಷ್ಟೆಲ್ಲ ನಮ್ಮ ಸುತ್ತಮುತ್ತಲೇ ಆದದ್ದು!

ನನ್ನ ಲೆಕ್ಕದಲ್ಲಿ ಅದೂ ಜೈಲಿನ ಕಥೆಯೇ, ಶಾಷಾಂಕ್‌ಗಿಂತ ಬಿಗಿಯಾದ ಜೈಲಿನದ್ದು. ಆಂಡಿಗೆ ಕೊರೆಯಲು ಒಂದು ಗೋಡೆಯಾದರೂ ಇತ್ತು. ಚೋಮನ ಸುತ್ತ ಗುಡ್ಡ, ಗದ್ದೆ, ಕಾಡು... ಎಲ್ಲಾ ತೆರೆದೇ ಉಂಟು. ಕಾಡಿನಲ್ಲಿ ಸಿಕ್ಕಿದ ಎರಡು ಎತ್ತುಗಳೂ ಇವೆ. ಒಂದು ತುಂಡು ಗದ್ದೆ ತಾನೇ ಬೇಸಾಯ ಮಾಡಬೇಕು ಎಂಬುದಷ್ಟೇ ಆಸೆ. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸೂ ಇರುತ್ತದೆ, ಅವನ ತಾಯಿ ಬಿಡುವುದಿಲ್ಲ. ಇಲ್ಲಿ ವಾರ್ಡನ್ ದುಷ್ಟನೇ ಆಗಬೇಕೆಂದಿಲ್ಲ ನೋಡಿ, ‘ನಡೆದುಕೊಂಡು ಬಂದದ್ದು’ ಅಂತ ಒಂದು ಮಾತು ಸಾಕು. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕು. ನೀರಿನಲ್ಲಿ ಮುಳುಗುತ್ತಿರುವ ಹುಡುಗನನ್ನು ಮುಟ್ಟಿ ಎತ್ತಲು ದಡದಲ್ಲಿ ನಿಂತವರು ಮುಂದೆ ಬರುವುದಿಲ್ಲ. ಆ ಭಾಗ ಓದಿದ ಮೇಲೆ ನಾನು ಪುಸ್ತಕ ಮಡಚಿಟ್ಟು ಅಂಗಳಕ್ಕೆ ಹೋಗಿ ನಿಂತಿದ್ದೆ.

ಅದೇ ಅಂಗಳ. ನಾನು ಸಣ್ಣವನಿದ್ದಾಗ ಅಲ್ಲಿ ಒಬ್ಬ ಮುದುಕ ಬೆಳಿಗ್ಗೆ ಬಂದು ನಿಲ್ಲುತ್ತಿದ್ದ. ಅವನ ಚಾ ತೆಂಗಿನ ಗೆರಟೆಯಲ್ಲಿ, ಅದೂ ಮೇಲಿನಿಂದ ಹೊಯ್ಯುವುದು. ನಾನು ಐದು ವರ್ಷದ ಪೋರ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದೆ. ಅವನಿಗೆ ನಾನು ‘ಸಣ್ಣ ಧಣಿ’. ಹೆಸರು ಇಲ್ಲಿ ಹಾಕುವುದಿಲ್ಲ, ಅವರ ಮೊಮ್ಮಕ್ಕಳು ಊರಲ್ಲೇ ಇದ್ದಾರೆ. ಏಕವಚನದಲ್ಲಿ ಬರೆಯುತ್ತಾ ಬಂದದ್ದು ಈಗ ಗಮನಕ್ಕೆ ಬಂತು, ಕೈಗೆ ಅದೇ ಅಭ್ಯಾಸ.

ನಾವೇನೂ ದೊಡ್ಡ ಧಣಿಗಳಲ್ಲ. ಅಜ್ಜ ಗೇಣಿ ಒಕ್ಕಲು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ, ಅಜ್ಜ ಡಿಕ್ಲರೇಶನ್ ಕೊಟ್ಟು ಭೂಮಿ ತಮ್ಮ ಹೆಸರಿಗೆ ಮಾಡಿಸಿಕೊಂಡರು. ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ಮನೆಯಲ್ಲಿ ದೇವರ ಮಂತ್ರದ ಹಾಗೆ ಹೇಳುತ್ತಿದ್ದರು. ಆದರೆ ನಮ್ಮ ಗದ್ದೆಯಲ್ಲಿ ನೇಗಿಲು ಹಿಡಿದವರು ಯಾರು? ಅಜ್ಜ ಬದುವಿನಲ್ಲಿ ನಿಂತಿರುತ್ತಿದ್ದರು. ನೇಗಿಲ ಹಿಂದೆ ನಡೆದವರಿಗೆ ಗೇಣಿಚೀಟಿ ಇರಲಿಲ್ಲ, ಆದ್ದರಿಂದ ಕಾನೂನಿನ ಕಣ್ಣಲ್ಲಿ ಅವರು ಒಕ್ಕಲಲ್ಲ, ಆಳು. ಸಿನಿಮಾ ಬಂದ 1975ರಲ್ಲೇ, ಅಕ್ಟೋಬರಿನಲ್ಲಿ, ಜೀತ ರದ್ದುಮಾಡುವ ಸುಗ್ರೀವಾಜ್ಞೆಯೂ ಬಂತು. 1976ರಲ್ಲಿ ಕಾಯ್ದೆಯೂ ಆಯಿತು. ಮರುದಿನವೂ ಅವರು ಬೆಳಿಗ್ಗೆ ನಮ್ಮ ಅಂಗಳಕ್ಕೇ ಬಂದರು, ಮತ್ತೆಲ್ಲಿಗೆ ಹೋಗುವುದು? ಬಿಡುಗಡೆಯಾದ ಮೇಲೆ ಹೊರಗೆ ಬದುಕಲಾರದ ಶಾಷಾಂಕಿನ ಬ್ರೂಕ್ಸ್ ಮುದುಕನನ್ನು ನೋಡಿ ಮೊನ್ನೆ ನನ್ನ ಕಣ್ಣು ಒದ್ದೆಯಾಯಿತು. ಇವರನ್ನು ನೆನೆದು ಒಮ್ಮೆಯೂ ಆಗಿರಲಿಲ್ಲ.

ನನ್ನ ತಕರಾರು ಇದೇ. ಶಾಷಾಂಕ್ ನೋಡುವಾಗ ನಾವೆಲ್ಲ ಆಂಡಿಯ ಪಕ್ಷ, ಖರ್ಚಿಲ್ಲದ ಪಕ್ಷ ಅದು. ಚೋಮನ ದುಡಿಯನ್ನು ‘ಹಿಂದಿನ ಕಾಲದ ಕರುಣಾಜನಕ ಕಥೆ’ ಅಂತ ಹೇಳಿ ಕಪಾಟಿನಲ್ಲಿ ಇಟ್ಟುಬಿಡುತ್ತೇವೆ, ಯಾಕೆಂದರೆ ಅದರಲ್ಲಿ ನಮ್ಮ ಜಾಗ ಎಲ್ಲಿ ಅಂತ ನಮಗೆ ಗೊತ್ತು. ಕಾರಂತರು ಚೋಮನನ್ನು ಬರೇ ಅಸಹಾಯಕನನ್ನಾಗಿ ಮಾಡಿದರು, ಅವನ ಸಿಟ್ಟೆಲ್ಲ ದುಡಿ ಬಡಿಯುವುದರಲ್ಲೇ ಮುಗಿಯಿತು ಎಂಬ ಆಕ್ಷೇಪ ಉಂಟು. ಇರಬಹುದು, ಅದನ್ನು ಹೇಳುವ ಹಕ್ಕು ಆ ನೋವು ಉಂಡವರಿಗೆ ಉಂಟು. ಆದರೆ ನಮ್ಮಂಥವರು ಆ ಆಕ್ಷೇಪದ ಹಿಂದೆ ಅಡಗಿ ಪುಸ್ತಕ ಓದದೆ ಉಳಿಯುವುದು ಬೇಡ.

ಮಗನಿಗೆ ಇಷ್ಟು ಹೇಳಿದ್ದಕ್ಕೆ ಅವನು ಕೇಳಿದ್ದು ಒಂದೇ. “ಅವರಿಗೆ ಕಡೆಗೆ ಗದ್ದೆ ಸಿಕ್ಕಿತಾ?”

ಚೋಮನಿಗಾ ಅಂತ ಕೇಳಿದೆ.

“ಅಲ್ಲ, ನಮ್ಮ ಅಂಗಳದವರಿಗೆ.”

ಇಲ್ಲ ಅಂದೆ. ಅಡಿಕೆ ತೋಟದ ಆಚೆ ಐದು ಸೆಂಟ್ಸ್, ಅದೂ ಮನೆ ನಿವೇಶನ.