ಆಟದ ಅಂಗಣದಲ್ಲಿ ಬೈಗುಳ: ಸಿಡ್ನಿಯಿಂದ ಘಣಸೋಲಿಯವರೆಗೆ

ಆಸ್ಟ್ರೇಲಿಯದ ಅಡಿಲೇಡ್ ನಗರದ ಫುಟ್‌ಬಾಲ್ ತಂಡವೊಂದು 2025ರ ಆಗಸ್ಟ್ ತಿಂಗಳಲ್ಲಿ ತನ್ನ ಶ್ರೇಷ್ಠ ಆಟಗಾರರಲ್ಲೊಬ್ಬನನ್ನು ಋತುವಿನ ನಿರ್ಣಾಯಕ ಘಟ್ಟದಲ್ಲಿ ಕಳೆದುಕೊಂಡಿತು. ಇಜಾಕ್ ರಾಂಕಿನ್ ಎಂಬ ಆ ಆಟಗಾರನಿಗೆ ಗಾಯವಾಗಿರಲಿಲ್ಲ. ಆತ ಯಾರ ಮೇಲೂ ಕೈ ಮಾಡಿರಲಿಲ್ಲ. ಎದುರಾಳಿ ಕಾಲಿಂಗ್‌ವುಡ್ ತಂಡದ ಆಟಗಾರನನ್ನು ಕುರಿತು, ಸಲಿಂಗಕಾಮಿಗಳನ್ನು ಹೀಯಾಳಿಸುವ ಪದವೊಂದನ್ನು ಅಂಗಣದಲ್ಲಿ ಆಡಿದ್ದೇ ಅವನ ಅಪರಾಧ. ಅದಕ್ಕೆ ವಿಧಿಸಿದ ಶಿಕ್ಷೆ ನಾಲ್ಕು ಪಂದ್ಯಗಳ ನಿಷೇಧ. ಲೀಗ್ ಹಂತದಲ್ಲಿ ಅಗ್ರಸ್ಥಾನದಲ್ಲಿದ್ದ ಅಡಿಲೇಡ್ ತಂಡವು ಆತನಿಲ್ಲದೆ ಅಂತಿಮ ಸುತ್ತಿನ ಎರಡು ಪಂದ್ಯಗಳನ್ನು ಒಂದರ ಹಿಂದೊಂದು ಸೋತು ಹೊರಬಿದ್ದಿತು.

ಆಸ್ಟ್ರೇಲಿಯನ್ ರೂಲ್ಸ್ ಎಂದು ಕರೆಯಲ್ಪಡುವ ಈ ಆಟವನ್ನು ನಮ್ಮಲ್ಲಿ ಕಣ್ಣಾರೆ ಕಂಡವರು ವಿರಳ. ತಂಡಕ್ಕೆ ಹದಿನೆಂಟು ಮಂದಿ, ಅಂಡಾಕಾರದ ಚೆಂಡು. ಆಡುವುದು ಅನೇಕ ಕಡೆ ಕ್ರಿಕೆಟ್ ಮೈದಾನಗಳಲ್ಲಿಯೇ. 1859ರಲ್ಲಿ ಮೆಲ್ಬರ್ನ್‌ನಲ್ಲಿ ಅದರ ಮೊದಲ ನಿಯಮಗಳನ್ನು ರೂಪಿಸಿದವರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗನಿದ್ದನು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡವಾಗಬಾರದೆಂಬ ಯೋಚನೆ ಅವನದು. ಹಾಗಾಗಿ ಆ ನಾಡಿನಲ್ಲಿ ಈ ಎರಡು ಆಟಗಳು ಒಂದೇ ಮನೆಯ ಮಕ್ಕಳಿದ್ದಂತೆ. ಎದುರಾಳಿಯನ್ನು ಮಾತಿನಿಂದ ಕೆಣಕಿ ಧೃತಿಗೆಡಿಸುವ, ಕ್ರಿಕೆಟ್ಟಿನಲ್ಲಿ ‘ಸ್ಲೆಡ್ಜಿಂಗ್’ ಎಂದು ಹೆಸರಾದ ಅಭ್ಯಾಸವೂ ಎರಡರಲ್ಲೂ ಬೇರೂರಿದೆ.

ಘಣಸೋಲಿಯಲ್ಲಿ ನೆಲೆನಿಂತ ನಮಗೆ ಈ ದೂರದ ವಾರ್ತೆ ಏಕೆ ಬೇಕೆಂದು ಓದುಗರು ಕೇಳಬಹುದು. ಆ ವಾರ್ತೆಯನ್ನು ಓದುತ್ತಿದ್ದಂತೆ ನಮಗೆ ನೆನಪಾದುದು 2008ರ ಜನವರಿಯ ಸಿಡ್ನಿ ಟೆಸ್ಟ್. ಅಂದು ಭಾರತ ತಂಡದ ನಾಯಕನಾಗಿದ್ದವರು ಬೆಂಗಳೂರಿನ ಅನಿಲ್ ಕುಂಬ್ಳೆ. ಒಂದು ಬೈಗುಳದ ಸುತ್ತ ಎರಡು ದೇಶಗಳು ಜಗಳಕ್ಕೆ ನಿಂತಾಗ ನಡುವೆ ಸಿಕ್ಕಿಕೊಂಡವರು ನಮ್ಮ ಆ ಕನ್ನಡಿಗರು.

ಪಂದ್ಯದ ಮೂರನೆಯ ದಿನ ಸಚಿನ್ ತೆಂಡೂಲ್ಕರ್ ಅವರೊಡನೆ ಹರ್ಭಜನ್ ಸಿಂಗ್ ಬ್ಯಾಟ್ ಮಾಡುತ್ತಿದ್ದರು. ಬ್ರೆಟ್ ಲೀಯ ಬೆನ್ನ ಕೆಳಗೆ ಹರ್ಭಜನ್ ಬ್ಯಾಟಿನಿಂದ ಮೆಲ್ಲಗೆ ತಟ್ಟಿದುದನ್ನು ಕಂಡು ಆ್ಯಂಡ್ರ್ಯೂ ಸೈಮಂಡ್ಸ್ ಕೆರಳಿದರು. ಮಾತಿಗೆ ಮಾತು ಬೆಳೆಯಿತು. ಹರ್ಭಜನ್ ತಮ್ಮನ್ನು ‘ಕೋತಿ’ ಎಂದರೆಂಬುದು ಸೈಮಂಡ್ಸ್ ಅವರ ದೂರು. ಆಫ್ರಿಕಾ-ಕೆರಿಬಿಯನ್ ಮೂಲದ ಆ ಆಟಗಾರನಿಗೆ ಆ ಪದ ಬರಿಯ ಪ್ರಾಣಿಯ ಹೆಸರಾಗಿರಲಿಲ್ಲ. ಪಂದ್ಯ ಮುಗಿದ ರಾತ್ರಿ ರೆಫರಿ ಮೈಕ್ ಪ್ರಾಕ್ಟರ್ ಮೂರು ಟೆಸ್ಟ್‌ಗಳ ನಿಷೇಧ ವಿಧಿಸಿದರು. ಇತ್ತ ನಮ್ಮಲ್ಲಿ ಪ್ರತಿಕೃತಿಗಳು ಉರಿದವು, ಪ್ರವಾಸವೇ ರದ್ದಾಗಬಹುದೆಂಬ ಮಾತು ಹಬ್ಬಿತು. ಜನವರಿ 29ರಂದು ಅಡಿಲೇಡ್‌ನಲ್ಲಿ ಮೇಲ್ಮನವಿಯನ್ನು ಆಲಿಸಿದ ನ್ಯೂಜಿಲೆಂಡ್‌ನ ನ್ಯಾಯಮೂರ್ತಿ ಜಾನ್ ಹ್ಯಾನ್ಸೆನ್, ಜನಾಂಗ ನಿಂದನೆಯ ಆರೋಪ ಸಿದ್ಧವಾಗಿಲ್ಲವೆಂದು ನಿಷೇಧವನ್ನು ತೆಗೆದುಹಾಕಿದರು. ಉಳಿದುದು ಸಾಮಾನ್ಯ ನಿಂದನೆಯ ಆರೋಪ ಮತ್ತು ಪಂದ್ಯ ಶುಲ್ಕದ ಅರ್ಧದಷ್ಟು ದಂಡ.

ಸಿಡ್ನಿಯಲ್ಲಿ ಅಂಪೈರುಗಳ ತಪ್ಪು ತೀರ್ಪುಗಳ ನಡುವೆ ಭಾರತ ಕೊನೆಯ ದಿನ ಸೋತಿತ್ತು. 45 ರನ್ ಗಳಿಸಿ ಔಟಾಗದೆ ಉಳಿದ ಕುಂಬ್ಳೆಯವರು ಪತ್ರಕರ್ತರ ಮುಂದೆ ಹೇಳಿದುದು ಇಷ್ಟೇ: ಆಟದ ಮನೋಧರ್ಮಕ್ಕೆ ತಕ್ಕಂತೆ ಆಡಿದ್ದು ಒಂದೇ ತಂಡ. 1933ರಲ್ಲಿ ‘ಬಾಡಿಲೈನ್’ ಸರಣಿಯ ಅಡಿಲೇಡ್ ಪಂದ್ಯದಲ್ಲಿ ಆಸ್ಟ್ರೇಲಿಯದ ನಾಯಕ ಬಿಲ್ ವುಡ್‌ಫುಲ್ ಇಂಗ್ಲೆಂಡಿನವರನ್ನು ಕುರಿತು ಆಡಿದ ಮಾತಿನ ಮರುದನಿ ಅದು. ಆಸ್ಟ್ರೇಲಿಯದ ಮಾತನ್ನೇ ಆಸ್ಟ್ರೇಲಿಯಕ್ಕೆ ಹಿಂದಿರುಗಿಸಿದ ಜಾಣ್ಮೆಯನ್ನು ಅಂದು ಎಲ್ಲರೂ ಮೆಚ್ಚಿದರು. ನಾವು ಹೆಚ್ಚು ಮೆಚ್ಚುವುದಾದರೋ ಅನಂತರ ಅವರು ಮಾಡಿದ, ಈಗ ಬಹುಮಟ್ಟಿಗೆ ಮರೆತುಹೋಗಿರುವ ಇನ್ನೊಂದು ಕೆಲಸವನ್ನು.

ಅದೇ ಪಂದ್ಯದಲ್ಲಿ ಬ್ರಾಡ್ ಹಾಗ್ ಎಂಬ ಬೌಲರ್ ಕುಂಬ್ಳೆ ಹಾಗೂ ಧೋನಿಯವರನ್ನು ಕುರಿತು, ಹಾದರಕ್ಕೆ ಹುಟ್ಟಿದವರು ಎಂಬರ್ಥದ ಇಂಗ್ಲಿಷ್ ಪದವನ್ನು ಬಳಸಿದರೆಂದು ಭಾರತ ದೂರಿತ್ತು. ಆಸ್ಟ್ರೇಲಿಯದಲ್ಲಿ ಅದು ಸ್ನೇಹಿತರು ಪರಸ್ಪರ ಹೆಗಲ ಮೇಲೆ ಕೈಹಾಕಿ ಆಡುವ ಹಗುರ ಮಾತು. ನಮ್ಮ ಊರುಗಳಲ್ಲಿ ಅದೇ ಅರ್ಥದ ಮಾತು ಕೊಲೆಯವರೆಗೂ ಹೋಗಬಲ್ಲುದು. ಪರ್ತ್ ಟೆಸ್ಟ್ ಆರಂಭವಾಗುವ ಮುನ್ನ ಕುಂಬ್ಳೆ ಆ ದೂರನ್ನು ಹಿಂತೆಗೆದುಕೊಂಡರು. ಹರ್ಭಜನ್ ಮೇಲಿನ ದೂರು ಹಾಗೆಯೇ ನಿಂತಿದ್ದಾಗ, ಕೈಯಲ್ಲಿದ್ದ ಪ್ರತ್ಯಸ್ತ್ರವನ್ನು ತಾವಾಗಿ ಕೆಳಗಿಟ್ಟರು. ತೂಕ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಮಾತು ಹೇಗೆ ಬೇರೆಯಾಗುತ್ತದೆಂಬುದನ್ನು ಬಲ್ಲವನ ನಡೆ ಅದೆಂದು ನಮಗೆ ತೋರುತ್ತದೆ. ಪರ್ತ್‌ನಲ್ಲಿ ಭಾರತ 72 ರನ್ನುಗಳಿಂದ ಗೆದ್ದಿತು. ಕುಂಬ್ಳೆಯವರ 600ನೆಯ ಟೆಸ್ಟ್ ವಿಕೆಟ್ ಬಿದ್ದುದೂ ಅಲ್ಲಿಯೇ. ಸ್ಲಿಪ್‌ನಲ್ಲಿ ಕ್ಯಾಚು ಹಿಡಿದವರು ರಾಹುಲ್ ದ್ರಾವಿಡ್, ಔಟಾದವರು ಆ್ಯಂಡ್ರ್ಯೂ ಸೈಮಂಡ್ಸ್!

ಇಷ್ಟು ಹೇಳಿ ಹೆಮ್ಮೆಪಟ್ಟು ಮುಗಿಸಿಬಿಡಬಹುದಿತ್ತು. ಆದರೆ ಆ ಪ್ರಕರಣದ ಒಂದು ಅಂಶ ನಮ್ಮನ್ನು ಇಂದಿಗೂ ಕಾಡುತ್ತದೆ. ಹರ್ಭಜನ್ ಪರವಾಗಿ ಮಂಡಿಸಲಾದ ಸಮರ್ಥನೆ ಯಾವುದು? ತಾವು ‘ಕೋತಿ’ ಎನ್ನಲಿಲ್ಲ, ‘ತೇರಿ ಮಾ ಕಿ’ ಎಂಬ ಹಿಂದಿ ಮಾತನ್ನು ಆಡಿದೆವು, ಅದು ಆ ಕಿವಿಗಳಿಗೆ ಬೇರೊಂದಾಗಿ ಕೇಳಿಸಿತು ಎಂಬುದು. ನಿರ್ಣಾಯಕವಾದ ಧ್ವನಿಮುದ್ರಣ ಯಾವುದೂ ಇರಲಿಲ್ಲವಾದುದರಿಂದ ಆ ವಾದಕ್ಕೆ ಬಲ ಬಂದಿತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ನಗೆಚಟಾಕಿಗಳೂ ಹುಟ್ಟಿಕೊಂಡವು. ಎದುರಾಳಿಯ ಜನಾಂಗವನ್ನಲ್ಲ, ಅವನ ತಾಯಿಯನ್ನು ಬೈದೆವು ಎಂಬುದು ನಿರ್ದೋಷಿತನದ ಸಾಕ್ಷ್ಯವಾಯಿತೆಂಬ ವಿಷಯ ನಮ್ಮಲ್ಲಿ ಎಷ್ಟು ಮಂದಿಯ ಮನಸ್ಸಿಗೆ ಚುಚ್ಚಿತು? ಲೇಖನಿ ಹಿಡಿದ ನಮಗೂ ಅಂದು ಚುಚ್ಚಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಹನ್ನೊಂದು ವರ್ಷಗಳ ಬಳಿಕ, 2019ರ ಜನವರಿಯಲ್ಲಿ, ಡರ್ಬನ್‌ನಲ್ಲಿ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ದಕ್ಷಿಣ ಆಫ್ರಿಕಾದ ಆ್ಯಂಡಿಲೆ ಫೆಹ್ಲುಕ್ವಾಯೊ ಅವರನ್ನು ಕುರಿತು ಉರ್ದುವಿನಲ್ಲಿ ಆಡಿದ ಮಾತು ಸ್ಟಂಪಿನ ಮೈಕ್ರೊಫೋನಿನಲ್ಲಿ ದಾಖಲಾಯಿತು. ಅದರಲ್ಲಿ ಮೈಬಣ್ಣವೂ ಇತ್ತು, ತಾಯಿಯೂ ಇದ್ದಳು. ಕೇಳಬೇಕಾದವನಿಗೆ ಆ ಭಾಷೆ ತಿಳಿಯದು. ಮನೆಗಳಲ್ಲಿ ಕುಳಿತು ನೋಡುತ್ತಿದ್ದ ಕೋಟ್ಯಂತರ ಜನರಿಗೆ ತಿಳಿಯಿತು. ಸರ್ಫರಾಜ್ ಖುದ್ದಾಗಿ ಕ್ಷಮೆ ಯಾಚಿಸಿದರು, ನಾಲ್ಕು ಪಂದ್ಯಗಳ ನಿಷೇಧವನ್ನೂ ಅನುಭವಿಸಿದರು. ಆ ನಿಷೇಧ ಬಂದುದು ಬಣ್ಣದ ಮಾತಿಗೆ.

ಕೆಣಕುವ ಮಾತೆಲ್ಲ ಕೆಟ್ಟದ್ದೆಂದು ನಾವು ವಾದಿಸುತ್ತಿಲ್ಲ. ಹಾಗೆ ವಾದಿಸಿದರೆ ತಾಳಮದ್ದಳೆಯನ್ನು ಕೇಳಿ ಬೆಳೆದ ಮುಂಬಯಿ ಕನ್ನಡಿಗರು ನಗುವರು. ಮೂದಲಿಕೆ ನಮ್ಮ ಕಾವ್ಯ-ರಂಗಭೂಮಿಗಳ ಜೀವಾಳ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ್ದ ದುರ್ಯೋಧನನನ್ನು ದಡಕ್ಕೆ ಎಳೆದುತಂದುದು ಭೀಮನ ಗದೆಯಲ್ಲ, ಭೀಮನ ಮಾತು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್ ನಡೆದಾಗ, ಬೌಂಡರಿ ಹೊಡೆದ ಆಮಿರ್ ಸೊಹೈಲ್ ಚೆಂಡು ಹೋದ ದಿಕ್ಕಿಗೆ ಬ್ಯಾಟು ತೋರಿಸಿ ವೆಂಕಟೇಶ ಪ್ರಸಾದರನ್ನು ಕೆಣಕಿದುದನ್ನೂ, ಮರುಚೆಂಡಿನಲ್ಲಿಯೇ ಸ್ಟಂಪು ಹಾರಿದುದನ್ನೂ ಕನ್ನಡಿಗರು ಇಂದಿಗೂ ಮೊನ್ನೆ ನಡೆದಂತೆ ವರ್ಣಿಸುತ್ತಾರೆ. ಸ್ಟಂಪು ಹಾರಿದ ಮೇಲೆ ಪ್ರಸಾದರು ಸೊಹೈಲರನ್ನು ಬೀಳ್ಕೊಟ್ಟ ಮಾತುಗಳು ಅಚ್ಚಿಗೆ ಯೋಗ್ಯವಲ್ಲ, ಆ ಸಂಗತಿ ಬೇರೆ. ಅಲ್ಲಿ ಕೆಣಕಿದ್ದು ಆಟವನ್ನು, ಉತ್ತರ ಬಂದುದೂ ಆಟದಿಂದಲೇ.

ಅದೇ ಮಹಾಭಾರತದ ಆದಿಯಲ್ಲಿ ಇನ್ನೊಂದು ಅಂಗಣವಿದೆ. ಹಸ್ತಿನಾವತಿಯಲ್ಲಿ ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನ. ನೋಡಲು ನೆರೆದ ಜನಸ್ತೋಮ. ಅರ್ಜುನ ಮಾಡಿ ತೋರಿಸಿದುದನ್ನೆಲ್ಲ ತಾನೂ ಮಾಡಿದ ಕರ್ಣನಿಗೆ ಎದುರಾದುದು ಬಾಣವಲ್ಲ, ಕುಲ ಯಾವುದೆಂಬ ಪ್ರಶ್ನೆ. ಸೂತನಾದ ಸಾಕುತಂದೆ ಅಂಗಣಕ್ಕೆ ಬಂದಾಗ, ನಿನಗೆ ಚಾವಟಿಯೇ ತಕ್ಕದ್ದೆಂದು ಹಂಗಿಸಿದವನೂ ಭೀಮನೇ. ಸರೋವರದ ದಡದ ಮಾತು ದುರ್ಯೋಧನನ ಕೃತ್ಯಗಳನ್ನು ಕುರಿತದ್ದು. ಈ ಮಾತು ಕರ್ಣನ ಹುಟ್ಟನ್ನು ಕುರಿತದ್ದು. ಮೊದಲನೆಯದಕ್ಕೆ ಎದ್ದುಬಂದು ಉತ್ತರಿಸಬಹುದು. ಎರಡನೆಯದಕ್ಕೆ ಉತ್ತರವೆಂಬುದೇ ಇಲ್ಲ, ಏಕೆಂದರೆ ಅದು ಆಟದಲ್ಲಿ ಇಲ್ಲದವರನ್ನು, ತಾಯಿತಂದೆಯರನ್ನು, ಅಂಗಣಕ್ಕೆ ಎಳೆದು ತರುತ್ತದೆ. ಆ ಒಂದು ದಿನದ ಗಾಯವನ್ನು ಕರ್ಣ ಕುರುಕ್ಷೇತ್ರದವರೆಗೆ ಹೊತ್ತು ನಡೆದನು.

ಹುಟ್ಟನ್ನು ಹೀಯಾಳಿಸುವ ಈ ಚಾಳಿಯನ್ನು ಆಸ್ಟ್ರೇಲಿಯದ ತಲೆಗೇ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಸಿಡ್ನಿ ಪ್ರಕರಣಕ್ಕೆ ಮೂರು ತಿಂಗಳ ಮೊದಲು, 2007ರ ಅಕ್ಟೋಬರಿನಲ್ಲಿ, ಇದೇ ಸೈಮಂಡ್ಸ್ ಅವರನ್ನು ಕಂಡು ವಡೋದರದಲ್ಲಿ ಪ್ರೇಕ್ಷಕರು ಕೋತಿಯ ಕೂಗು ಹಾಕಿದರು. ಬಳಿಕ ನಮ್ಮ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿಯೂ ಅದೇ ಅಣಕು ನಡೆಯಿತು, ಕೆಲವರನ್ನು ಹೊರಹಾಕಲಾಯಿತು. 2021ರ ಜನವರಿಯಲ್ಲಿ ಸಿಡ್ನಿಯ ಪ್ರೇಕ್ಷಕರು ಮುಹಮ್ಮದ್ ಸಿರಾಜ್ ಅವರನ್ನು ನಿಂದಿಸಿದಾಗ ನಾವು ಕೆರಳಿದೆವು, ಕೆರಳಬೇಕಾದುದೇ ಸರಿ. ವಾಂಖೆಡೆಯ ಘಟನೆಗೆ ಮಾತ್ರ ನಮ್ಮ ಸ್ಮರಣಶಕ್ತಿ ಅಷ್ಟು ಚುರುಕಾಗಿಲ್ಲ.

ಈ ಮಹಾನಗರದ ಕನ್ನಡಿಗರಿಗೆ ಹುಟ್ಟಿನ ನಿಂದೆ ಅಪರಿಚಿತವೂ ಅಲ್ಲ. 1960ರ ದಶಕದಲ್ಲಿ ‘ಬಜಾವೋ ಪುಂಗಿ, ಹಟಾವೋ ಲುಂಗಿ’ ಎಂಬ ಘೋಷಣೆ ಬೀದಿಗಳಲ್ಲಿ ಮೊಳಗಿದಾಗ ಹೋಟೆಲುಗಳ ಗಲ್ಲೆಯ ಮೇಲೆ, ಕಚೇರಿಗಳ ಟೈಪ್‌ರೈಟರುಗಳ ಮುಂದೆ ಕುಳಿತಿದ್ದವರು ನಮ್ಮ ಹಿರಿಯರು. ಕನ್ನಡಿಗ, ತುಳುವ, ತಮಿಳ, ಮಲಯಾಳಿ ಎಂಬ ಭೇದವಿಲ್ಲದೆ ಎಲ್ಲರಿಗೂ ಅಂಟಿಸಿದ್ದ ಹೆಸರು ‘ಮದ್ರಾಸಿ’. ಅದನ್ನು ನುಂಗಿಕೊಂಡೇ ಅವರು ಇಲ್ಲಿ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಆ ಮಕ್ಕಳ ಮನೆಗಳಲ್ಲಿ ಇಂದು ‘ಘಾಟಿ’, ‘ಭಯ್ಯಾ’ ಎಂಬ ಮಾತುಗಳು ಊಟದ ಮೇಜಿನ ಮೇಲೆ ಸಲೀಸಾಗಿ ಬೀಳುವುದುಂಟು. ಬಡಿಸುತ್ತಿರುವ ಅಜ್ಜಿಗೆ ಮಾತ್ರ ಪುಂಗಿಯ ಸದ್ದು ನೆನಪಿರುತ್ತದೆ.

ಇನ್ನು ಶಿಕ್ಷೆಯ ವಿಚಾರ. ಆಸ್ಟ್ರೇಲಿಯದ ಫುಟ್‌ಬಾಲ್ ಈ ದಾರಿಗೆ ತಾನಾಗಿ ಬರಲಿಲ್ಲ. 1993ರಲ್ಲಿ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ತನ್ನನ್ನು ನಿಂದಿಸಿದ ಪ್ರೇಕ್ಷಕರ ಎದುರು ಅಂಗಿಯನ್ನೆತ್ತಿ ತನ್ನ ಕಪ್ಪು ಮೈಯನ್ನು ಬೆರಳಿನಿಂದ ತೋರಿಸಿ ನಿಂತನು. 1995ರಲ್ಲಿ ಮೈಕೆಲ್ ಲಾಂಗ್ ಎಂಬ ಇನ್ನೊಬ್ಬ ಮೂಲನಿವಾಸಿ ಆಟಗಾರ, ಎದುರಾಳಿಯ ನಿಂದನೆಯನ್ನು ನುಂಗಿಕೊಳ್ಳದೆ ದೂರಿತ್ತನು. ಅದೇ ವರ್ಷ ಜನಾಂಗ ಹಾಗೂ ಮತದ ನಿಂದನೆಯ ವಿರುದ್ಧ ಲಿಖಿತ ನಿಯಮ ಬಂದಿತು. ಮೊದಲು ಇಬ್ಬರನ್ನೂ ಎದುರುಬದುರು ಕೂರಿಸಿ ಸಂಧಾನ ನಡೆಸುವುದು ಆ ನಿಯಮದ ವೈಶಿಷ್ಟ್ಯವಾಗಿತ್ತು. ಅದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ಆ್ಯಡಮ್ ಗುಡ್ಸ್ ಎಂಬ ಮೂಲನಿವಾಸಿ ಆಟಗಾರನನ್ನು 2015ರಲ್ಲಿ ಪ್ರೇಕ್ಷಕರು ಪಂದ್ಯದ ಮೇಲೆ ಪಂದ್ಯ ಕೂಗಿ ಅಣಕಿಸಿ ನಿವೃತ್ತಿಗೆ ನೂಕಿದರು. ಆಡಳಿತ ಮಂಡಳಿ ಕ್ಷಮೆ ಕೇಳಿದುದು 2019ರಲ್ಲಿ. ಆದರೂ ಮಾತಿನ ತಪ್ಪಿಗೆ ಹಣವನ್ನಲ್ಲ, ಆಡುವ ಅವಕಾಶವನ್ನೇ ಕಿತ್ತುಕೊಳ್ಳುವ ಪದ್ಧತಿ ಅಲ್ಲಿ ಬೇರುಬಿಟ್ಟಿದೆ. ರಾಂಕಿನ್ ಸ್ವತಃ ಮೂಲನಿವಾಸಿ ಪರಂಪರೆಯವನು ಎಂಬುದನ್ನೂ ಇಲ್ಲಿ ಗಮನಿಸಬೇಕು.

ನಮ್ಮ ಐಪಿಎಲ್‌ನಲ್ಲಿ 2008ರಲ್ಲಿ ಹರ್ಭಜನ್ ಶ್ರೀಶಾಂತರ ಕೆನ್ನೆಗೆ ಹೊಡೆದಾಗ ಉಳಿದ ಹನ್ನೊಂದು ಪಂದ್ಯಗಳಿಂದ ಅವರನ್ನು ಹೊರಗಿಡಲಾಯಿತು. 2023ರ ಮೇ 1ರಂದು ಲಖನೌದಲ್ಲಿ ವಿರಾಟ್ ಕೊಹ್ಲಿ ಮತ್ತು ಗೌತಮ್ ಗಂಭೀರ್ ಲೋಕವೆಲ್ಲ ನೋಡುತ್ತಿದ್ದಂತೆ ಜಗಳಕ್ಕೆ ನಿಂತಾಗ ಪೂರ್ಣ ಪಂದ್ಯ ಶುಲ್ಕದ ದಂಡವಾಯಿತು, ಆದರೆ ಒಂದು ಪಂದ್ಯವೂ ತಪ್ಪಲಿಲ್ಲ. ಕೈ ತಪ್ಪಿದರೆ ನಿಷೇಧ, ನಾಲಿಗೆ ತಪ್ಪಿದರೆ ದಂಡ. ಕೋಟಿಗಳಲ್ಲಿ ಗಳಿಸುವವರಿಗೆ ಈ ದಂಡ ಎಷ್ಟರದು?

ಸಿಡ್ನಿಯ ಇಬ್ಬರೂ 2011ರಲ್ಲಿ ಮುಂಬಯಿ ಇಂಡಿಯನ್ಸ್ ತಂಡದಲ್ಲಿ ಒಂದೇ ಸಮವಸ್ತ್ರ ತೊಟ್ಟರೆಂಬುದು ವಿಧಿಯ ವಿನೋದ. ಆ ದಿನಗಳಲ್ಲಿ ಹರ್ಭಜನ್ ಕಣ್ಣೀರಿಟ್ಟು ಕ್ಷಮೆ ಕೇಳಿದರೆಂದು ಸೈಮಂಡ್ಸ್ 2018ರಲ್ಲಿ ಹೇಳಿದರು. ಹರ್ಭಜನ್ ಅದನ್ನು ಅಲ್ಲಗಳೆದರು. 2022ರ ಮೇ ತಿಂಗಳಲ್ಲಿ ಕ್ವೀನ್ಸ್‌ಲೆಂಡಿನ ರಸ್ತೆ ಅಪಘಾತದಲ್ಲಿ ಸೈಮಂಡ್ಸ್ ತೀರಿಕೊಂಡರು.

ಅದೇ ಮುಂಬಯಿ ಇಂಡಿಯನ್ಸ್ ತಂಡ ಇತ್ತೀಚಿನ ವರ್ಷಗಳಲ್ಲಿ ಅಭ್ಯಾಸ ನಡೆಸಿರುವುದು ಇಲ್ಲಿ, ಘಣಸೋಲಿಯ ರಿಲಯನ್ಸ್ ಕಾರ್ಪೊರೇಟ್ ಪಾರ್ಕಿನ ಮೈದಾನದಲ್ಲಿ. ಆ ಗೋಡೆಯ ಹೊರಗೆ ನಮ್ಮ ಸೊಸೈಟಿಗಳ ಮಕ್ಕಳು ಭಾನುವಾರಗಳಲ್ಲಿ ಟೆನ್ನಿಸ್ ಚೆಂಡಿನಿಂದ ಆಡುತ್ತಾರೆ. ಕನ್ನಡ, ತುಳು, ಮರಾಠಿ, ತೆಲುಗು ಮನೆಗಳ ಮಕ್ಕಳು. ಮನೆಯೊಳಗೆ ಅಪ್ಪನ ಎದುರು ದನಿ ಎತ್ತದ ಹುಡುಗ ಅಲ್ಲಿ ನಿರರ್ಗಳವಾಗಿ ಹಿಂದಿಯಲ್ಲಿ ಬೈಯುತ್ತಾನೆ. ಮನೆಮಾತಿನಲ್ಲಿ ಆಡಲು ನಾಚುವುದನ್ನು ಪರಭಾಷೆಯಲ್ಲಿ ಆಡುವುದು ಸುಲಭ. ನಮ್ಮ ಕ್ರೀಡಾಕೂಟಗಳ ನಿಯಮಪತ್ರಿಕೆಯಲ್ಲಿ ಓವರುಗಳೆಷ್ಟು, ತಂಡಕ್ಕೆ ಪ್ರವೇಶ ಶುಲ್ಕವೆಷ್ಟು ಎಂದಿರುತ್ತದೆ. ತಾಯಿಯನ್ನೋ ಹುಟ್ಟನ್ನೋ ಎತ್ತಿ ಬೈದವನು ಆ ಪಂದ್ಯದಿಂದ ಹೊರನಡೆಯಬೇಕು ಎಂಬ ಒಂದು ಸಾಲನ್ನು, ಯಾವ ಭಾಷೆಯಲ್ಲಿ ಬೈದರೂ ಎಂಬ ಷರತ್ತಿನೊಡನೆ, ಸೇರಿಸಬಹುದೆಂದು ನಮ್ಮ ಸೂಚನೆ. ಅಂಪೈರಿಗೆ ಕಿವಿ ಇದ್ದರೆ ಸಾಕು, ಖರ್ಚೇನೂ ಇಲ್ಲ.

ಕೆಲವು ವಾರಗಳ ಹಿಂದೆ ಅಲ್ಲಿ ನಿಂತು ನೋಡುತ್ತಿದ್ದಾಗ ಎಂಟೊಂಬತ್ತು ವರ್ಷದ ಹುಡುಗನೊಬ್ಬ, ಕ್ಯಾಚು ಬಿಟ್ಟ ಗೆಳೆಯನಿಗೆ ಆ ಸಿಡ್ನಿಯ ಮಾತನ್ನೇ ಎಸೆದನು. ಆಟ ನಿಂತಾಗ ಹತ್ತಿರ ಕರೆದು, ಮಗೂ, ಅದರ ಅರ್ಥವೇನೆಂದು ಕನ್ನಡದಲ್ಲಿ ಕೇಳಿದೆವು. ಅವನು ಸ್ವಲ್ಪ ಯೋಚಿಸಿ, “ಕ್ಯಾಚು ಬಿಟ್ಟರೆ ಹಾಗನ್ನಬೇಕು, ಅಂಕಲ್” ಎಂದು ಹೇಳಿ ಮತ್ತೆ ಫೀಲ್ಡಿಂಗಿಗೆ ಓಡಿದನು.